ಸಣ್ಣ ಕಾರು, ದೊಡ್ಡ ಎಂಜಿನ್

ಹಾವೇರಿ, ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನಡೆಯುವುದುಂಟು. ಹೇರು ಇಲ್ಲದ ಚಕ್ಕಡಿಗೆ ಹುರಿಗೊಳಿಸಿದ ಜೋಡಿ ಎತ್ತು ಹೂಡಿ, ನಿಗದಿಯಾದ ಸಮಯದೊಳಗೆ ಯಾರ ಗಾಡಿ ಹೆಚ್ಚು ದೂರ ಓಡಿತು ಎಂದು ಅಳೆಯುತ್ತಾರೆ. ಗಾಡಿ ಹಗುರ ಇರಬೇಕು, ಎಳೆಯುವ ಎತ್ತು ಬಲವಾಗಿರಬೇಕು. ಇದರ ಹಿಂದಿರುವ ಲೆಕ್ಕ ಇಷ್ಟೇ. ಇದೇ ಲೆಕ್ಕವನ್ನು ಅಮೆರಿಕದ ಹುಡುಗರು ಹಳೆಯ ಮೋಟಾರು ಕಾರಿಗೆ ಹಾಕಿದಾಗ ಹುಟ್ಟಿದ್ದು ‘ಹಾಟ್ ರಾಡ್’.

ಹಾಟ್ ರಾಡ್ ಎಂದರೆ ಹಳೆಯ, ಅಗ್ಗದ ಕಾರೊಂದನ್ನು ಬಿಚ್ಚಿ, ಬೇಡದ ಭಾರವನ್ನೆಲ್ಲ ಕಿತ್ತುಹಾಕಿ, ಅದರ ಅಳತೆಗೆ ಮೀರಿದ ಎಂಜಿನ್ ಕೂರಿಸಿ ವೇಗಕ್ಕಾಗಿ ಮರಳಿ ಕಟ್ಟಿದ ವಾಹನ. ಕಾರ್ಖಾನೆಯಲ್ಲಿ ಅದು ತಯಾರಾಗುವುದಿಲ್ಲ. ಮನೆಯ ಹಿತ್ತಲಲ್ಲಿ, ಊರ ಗ್ಯಾರೇಜಿನಲ್ಲಿ ಒಂದೊಂದಾಗಿ ಹುಟ್ಟುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗ್ಯಾರೇಜುಗಳಲ್ಲಿ ಈ ಇಂಗ್ಲಿಷ್ ಹೆಸರು ಕಿವಿಗೆ ಬೀಳುವುದು ಅಪರೂಪ. ಆದರೆ ಒಂದು ಗಾಡಿಯ ಎಂಜಿನ್ ಇನ್ನೊಂದರ ಒಡಲಿಗೆ ಸೇರುವ ಕೆಲಸ ಇಲ್ಲಿಯ ಮಿಸ್ತ್ರಿಗಳಿಗೆ ಹೊಸದಲ್ಲ. ಈ ಎರಡರ ನಡುವೆ ಇರುವ ನಂಟು ಒಂದು ಪುಟ್ಟ ಬ್ರಿಟಿಷ್ ಕಾರಿನ ಕಥೆಯಲ್ಲಿ ಅಡಗಿದೆ.

ಒಣ ಕೆರೆಯ ಅಂಗಳದಲ್ಲಿ

ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಮ್ಯೂರಾಕ್ ಎಂಬ ಒಣ ಕೆರೆ ಇದೆ. ನೀರು ಆರಿದ ಮೇಲೆ ಅದರ ತಳ ಮೈಲುಗಟ್ಟಲೆ ಹಲಗೆಯಂತೆ ಸಪಾಟು. 1920 ಮತ್ತು 30ರ ದಶಕಗಳಲ್ಲಿ ಲಾಸ್ ಏಂಜಲಿಸ್ ಕಡೆಯ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಅಲ್ಲಿಗೆ ಒಯ್ದು ವೇಗ ಪರೀಕ್ಷೆ ಮಾಡುತ್ತಿದ್ದರು. ಒಂದೂವರೆ ಕೋಟಿ ತಯಾರಾಗಿದ್ದ ಫೋರ್ಡ್ ‘ಟಿ’ ಮಾದರಿಯ ಕಾರು ಆಗ ಗುಜರಿ ಬೆಲೆಗೆ ಸಿಗುತ್ತಿತ್ತು. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ 65 ಅಶ್ವಶಕ್ತಿಯ ಎಂಜಿನ್ನನ್ನು ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ತಂದಿತು. ಅಗ್ಗದ ಒಡಲು, ಅಗ್ಗದ ಬಲ ಎರಡೂ ಕೂಡಿ ಬಂದವು.

1937ರಲ್ಲಿ ಈ ಹುಡುಗರ ಕ್ಲಬ್ಬುಗಳೆಲ್ಲ ಸೇರಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಸಂಘ ಕಟ್ಟಿದವು. ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಯಲ್ಲಿ ವಿಮಾನ, ಟ್ಯಾಂಕು ರಿಪೇರಿ ಕಲಿತು ಬಂದ ಸಾವಿರಾರು ತರುಣರು ಈ ಹುಚ್ಚಿಗೆ ಸೇರಿಕೊಂಡರು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಹೆಸರಿನ ಪತ್ರಿಕೆಯನ್ನೇ ಹೊರಡಿಸಿದ. ಬೀದಿಯಲ್ಲಿ ಪೈಪೋಟಿಗಿಳಿದು ಜೀವ ಕಳೆದುಕೊಳ್ಳುವುದನ್ನು ತಪ್ಪಿಸಲು 1951ರಲ್ಲಿ ವಾಲಿ ಪಾರ್ಕ್ಸ್ ಮುಂದಾಳತ್ವದಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಹುಟ್ಟಿತು. ನಿಯಮ, ತಪಾಸಣೆ, ಬೇರೆಯೇ ಓಟದ ಪಥ ಇವು ಆ ಸಂಘದ ಕೊಡುಗೆ. ಬೀದಿಯ ಪುಂಡಾಟಿಕೆ ಕ್ರೀಡೆಯಾಗಿ ಬದಲಾಗಲು ಇದೇ ಕಾರಣ.

ಹೆಸರು ‘ಏಳು’, ಆಳು ಗಿಡ್ಡ

ಬ್ರಿಟನ್ನಿನಲ್ಲಿ ಕಥೆ ಬೇರೆ. ಅಲ್ಲಿ ದೊಡ್ಡ ಎಂಜಿನ್ ದುಬಾರಿ, ತೆರಿಗೆಯೂ ಹೆಚ್ಚು. ಹೀಗಾಗಿ ಸಣ್ಣ ಕಾರನ್ನೇ ಚುರುಕುಗೊಳಿಸುವ ಜಾಣ್ಮೆ ಬೆಳೆಯಿತು. ಆ ಜಾಣ್ಮೆಗೆ ಸಿಕ್ಕ ಕಚ್ಚಾ ಸಾಮಗ್ರಿಯೇ ಆಸ್ಟಿನ್ ಸೆವೆನ್.

ಹರ್ಬರ್ಟ್ ಆಸ್ಟಿನ್ 1922ರಲ್ಲಿ ಈ ಕಾರನ್ನು ಜನರ ಮುಂದಿಟ್ಟ. ವಿನ್ಯಾಸಕ್ಕೆ ನೆರವಾದವನು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿಹರೆಯದ ನಕಾಶೆಗಾರ. 747 ಸಿ.ಸಿ. ಎಂಜಿನ್, ಸುಮಾರು ಹತ್ತು ಅಶ್ವಶಕ್ತಿ. ಸೈಡ್‌ಕಾರ್ ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ಮಳೆಗೆ ನೆನೆಯುತ್ತ ಹೋಗುತ್ತಿದ್ದ ಮಧ್ಯಮ ವರ್ಗದ ಕುಟುಂಬಕ್ಕೆ ಅದು ಮೊದಲ ಕಾರಾಯಿತು. 1939ರವರೆಗೆ ಸುಮಾರು 2 ಲಕ್ಷ 90 ಸಾವಿರ ಕಾರುಗಳು ಹೊರಬಂದವು. ಜರ್ಮನಿಯ ಬಿಎಂಡಬ್ಲ್ಯು ಕಂಪನಿಯ ಮೊದಲ ಕಾರು ‘ಡಿಕ್ಸಿ’ ಕೂಡ ಪರವಾನಗಿ ಪಡೆದು ತಯಾರಿಸಿದ ಆಸ್ಟಿನ್ ಸೆವೆನ್ನೇ.

ಈ ಕಾರಿನ ಚಾಸಿ ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ್ದು. ಅದರ ಮೇಲೆ ಬಾಡಿಯನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಬೋಲ್ಟು ಬಿಚ್ಚಿ ಬಾಡಿ ಎತ್ತಿಟ್ಟರೆ ಉಳಿಯುವುದು ಎಂಜಿನ್, ಗೇರ್‌ಬಾಕ್ಸ್, ನಾಲ್ಕು ಚಕ್ರ, ಸ್ಟೀರಿಂಗ್. ಚಕ್ಕಡಿಯಿಂದ ಹೇರು ಇಳಿಸಿದ ಹಾಗೆ. ಅದರ ಮೇಲೆ ತಗಡಿನದೋ ಪ್ಲೈವುಡ್ಡಿನದೋ ಹಗುರ ಬಾಡಿ ಕಟ್ಟಿಕೊಂಡರೆ ಆಯಿತು. ಇಂಥ ಕಾರುಗಳನ್ನು ಬ್ರಿಟನ್ನಿನಲ್ಲಿ ‘ಸ್ಪೆಷಲ್’ ಎಂದು ಕರೆದರು. ಹಾಟ್ ರಾಡ್‌ನ ಬ್ರಿಟಿಷ್ ಸೋದರ ಅದು.

ಈ ಪಾಠಶಾಲೆಯಲ್ಲಿ ಕಲಿತವರ ಹೆಸರು ನೋಡಿದರೆ ಆಶ್ಚರ್ಯವಾಗುತ್ತದೆ. 1947ರಲ್ಲಿ ಬ್ರಿಟನ್ ಸರ್ಕಾರ ಖಾಸಗಿ ಕಾರುಗಳ ಪೆಟ್ರೋಲ್ ಪಡಿತರ ನಿಲ್ಲಿಸಿದಾಗ ಹಳೆಯ ಕಾರುಗಳ ವ್ಯಾಪಾರ ಕುಸಿಯಿತು. ವಿದ್ಯಾರ್ಥಿಯಾಗಿದ್ದಾಗಲೇ ಕಾರು ಕೊಂಡು ಮಾರುತ್ತಿದ್ದ ಕಾಲಿನ್ ಚಾಪ್‌ಮನ್ ಬಳಿ ಮಾರಾಟವಾಗದ ಹಳೆಯ ಆಸ್ಟಿನ್ ಸೆವೆನ್ ಒಂದು ಉಳಿಯಿತು. ಗೆಳತಿಯ ತಂದೆಯ ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಬಿಚ್ಚಿ 1948ರಲ್ಲಿ ಹೊಸ ರೂಪ ಕೊಟ್ಟ. ಅದೇ ಲೋಟಸ್ ಕಂಪನಿಯ ಮೊದಲ ಕಾರು. ಅದೇ ಲೋಟಸ್ ಮುಂದೆ ಫಾರ್ಮುಲಾ ಒನ್ ವಿಶ್ವ ಪ್ರಶಸ್ತಿಗಳನ್ನು ಗೆದ್ದಿತು. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಬಾಲಕನಾಗಿ ಮೊದಲು ಓಡಿಸಿದ್ದೂ ತಂದೆ ತಂದಿದ್ದ ಆಸ್ಟಿನ್ ಸೆವೆನ್. ಮಾರಿಸ್ ಮೈನರ್ ಮತ್ತು ಮಿನಿ ಕಾರುಗಳನ್ನು ರೂಪಿಸಿದ ಅಲೆಕ್ ಇಸ್ಸಿಗೊನಿಸ್ 1930ರ ದಶಕದಲ್ಲಿ ಗೆಳೆಯ ಜಾರ್ಜ್ ಡೌಸನ್ ಜೊತೆ ಕೈಯಿಂದಲೇ ಕಟ್ಟಿದ ‘ಲೈಟ್‌ವೇಟ್ ಸ್ಪೆಷಲ್’ ಕೂಡ ಆಸ್ಟಿನ್ ಸೆವೆನ್ ಭಾಗಗಳನ್ನು ಆಧರಿಸಿದ್ದೇ.

ಎಂಜಿನ್ನಿನ ಗಾತ್ರ ಬೆಳೆಸದೆಯೂ ಬಲ ಹೆಚ್ಚಿಸಬಹುದು ಎಂಬುದನ್ನು ಆಸ್ಟಿನ್ ಕಂಪನಿಯೇ ತೋರಿಸಿತು. 1936ರಲ್ಲಿ ಮರ್ರೆ ಜೇಮಿಸನ್ ರೂಪಿಸಿದ ಓಟದ ಕಾರಿನ ಎಂಜಿನ್ 750 ಸಿ.ಸಿ.ಗಿಂತ ಚಿಕ್ಕದು. ಆದರೆ ಸೂಪರ್‌ಚಾರ್ಜರ್ ನೆರವಿನಿಂದ ಅದು ನೂರಕ್ಕೂ ಹೆಚ್ಚು ಅಶ್ವಶಕ್ತಿ ಕೊಟ್ಟಿತು. ಮನೆಯ ಕಾರಿನ ಹತ್ತುಪಟ್ಟು!

ಕನ್ನಡನಾಡಿಗೆ ಬಂದ ಎರಡು ಕವಲು

ಆಸ್ಟಿನ್ ಸೆವೆನ್ ವಂಶದ ಎರಡು ಕವಲುಗಳು ಬೇರೆ ಬೇರೆ ದಾರಿ ಹಿಡಿದು ಕರ್ನಾಟಕಕ್ಕೂ ಬಂದವು.

ಮೊದಲನೆಯದು ಅಮೆರಿಕ ಸುತ್ತಿ ಬಂದದ್ದು. 1930ರಲ್ಲಿ ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನಲ್ಲಿ ಅಮೆರಿಕನ್ ಆಸ್ಟಿನ್ ಕಂಪನಿ ಸೆವೆನ್ ಕಾರನ್ನು ತಯಾರಿಸತೊಡಗಿತು. ಅಗಲ ರಸ್ತೆ, ಅಗ್ಗದ ಪೆಟ್ರೋಲಿನ ಅಮೆರಿಕನ್ನರಿಗೆ ಅದು ಆಟಿಕೆಯಂತೆ ಕಂಡಿತು. ಕಂಪನಿ ದಿವಾಳಿಯಾಗಿ ‘ಬ್ಯಾಂಟಮ್’ ಎಂಬ ಹೆಸರಿನಲ್ಲಿ ಮತ್ತೆ ಎದ್ದಿತು. 1940ರಲ್ಲಿ ಅಮೆರಿಕದ ಸೇನೆ ಹಗುರವಾದ ನಾಲ್ಕು ಚಕ್ರ ಚಾಲನೆಯ ವಾಹನ ಬೇಕೆಂದು ಕೇಳಿ, ಮಾದರಿ ಒಪ್ಪಿಸಲು 49 ದಿನದ ಗಡುವು ಕೊಟ್ಟಿತು. ಗಡುವಿನೊಳಗೆ, ಸೆಪ್ಟೆಂಬರ್ 23ರಂದು, ಮಾದರಿ ತಂದು ನಿಲ್ಲಿಸಿದ್ದು ಈ ಬಡ ಬ್ಯಾಂಟಮ್ ಕಂಪನಿ. ಎಂಜಿನ್ ಬೇರೆ, ವಿನ್ಯಾಸ ಕಾರ್ಲ್ ಪ್ರೋಬ್ಸ್ಟ್‌ನದು. ಅದೇ ಜೀಪು. ಕಂಪನಿ ಸಣ್ಣದೆಂದು ಸೇನೆ ದೊಡ್ಡ ಆರ್ಡರುಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ಕೊಟ್ಟಿತು. 1947ರಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿತು. ಆಮೇಲಿನ ಜೀಪಿನ ಕಥೆಯನ್ನು ಹಾವೇರಿ ಸೀಮೆಯವರಿಗೆ ಹೇಳಬೇಕಿಲ್ಲ. ಸರ್ಕಾರಿ ಕಚೇರಿಯಿಂದ ಹಿಡಿದು ಚುನಾವಣಾ ಪ್ರಚಾರದವರೆಗೆ ದಶಕಗಳ ಕಾಲ ಅದೇ ಓಡಿತು.

ಇತ್ತ ಅಮೆರಿಕದಲ್ಲಿ ಯಾರಿಗೂ ಬೇಡವಾಗಿದ್ದ ಆಸ್ಟಿನ್-ಬ್ಯಾಂಟಮ್ ಕಾರಿನ ಪುಟ್ಟ ಬಾಡಿಗಳಿಗೆ ಯುದ್ಧಾನಂತರ ಬೆಲೆ ಬಂತು. ಹಗುರವಾಗಿದ್ದುದರಿಂದ ಹಾಟ್ ರಾಡ್ ಓಟಗಾರರು ಅವನ್ನು ಹುಡುಕಿ ತಂದು, ಬೇರೆ ಚಾಸಿಯ ಮೇಲಿಟ್ಟು, ಒಳಗೆ ದೈತ್ಯ ವಿ-8 ಎಂಜಿನ್ ತುರುಕಿದರು. 1960ರ ದಶಕದಲ್ಲಿ ಇದೇ ಭಾಗ್ಯ ಫೋರ್ಡ್ ಆಂಗ್ಲಿಯ ಎಂಬ ಇನ್ನೊಂದು ಪುಟ್ಟ ಬ್ರಿಟಿಷ್ ಕಾರಿಗೂ ಬಂತು.

ಎರಡನೆಯ ಕವಲು ಬೆಂಗಳೂರಿನದು. ಬ್ರಿಟನ್ನಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿ ತನ್ನ ಮೂರು ಚಕ್ರದ ವಾಹನಗಳಿಗೆ ಆಸ್ಟಿನ್ ಸೆವೆನ್ ಎಂಜಿನ್ನನ್ನೇ ಬಳಸುತ್ತಿತ್ತು. 1939ರಲ್ಲಿ ಆಸ್ಟಿನ್ ಅದನ್ನು ನಿಲ್ಲಿಸಿದಾಗ ರಿಲಯಂಟ್ ತಾನೇ ತಯಾರಿಸಿಕೊಂಡಿತು. 1962ರಲ್ಲಿ ಅದರ ಜಾಗಕ್ಕೆ ಪೂರ್ತಿ ಅಲ್ಯೂಮಿನಿಯಮ್ಮಿನ ಹೊಸ ಎಂಜಿನ್ ಬಂತು. ಇದೇ ಎಂಜಿನ್ ಬೆಳೆದು 848 ಸಿ.ಸಿ. ಆಗಿ, ‘ಕಿಟನ್’ ಎಂಬ ಫೈಬರ್ ಬಾಡಿಯ ನಾಲ್ಕು ಚಕ್ರದ ಕಾರಿಗೆ ಸೇರಿತು. ಬೆಂಗಳೂರಿನ ಸಿಪಾನಿ ಸಂಸ್ಥೆ ಈ ಕಿಟನ್ನನ್ನೇ 1982ರಲ್ಲಿ ‘ಡಾಲ್ಫಿನ್’ ಎಂಬ ಹೆಸರಿನಲ್ಲಿ ಭಾರತಕ್ಕೆ ತಂದಿತು.

ಡಾಲ್ಫಿನ್‌ಗೆ ಎರಡೇ ಬಾಗಿಲು. ನಾಲ್ಕು ಬಾಗಿಲಿಲ್ಲದ ಕಾರು ನಮ್ಮ ಕುಟುಂಬಗಳಿಗೆ ಒಗ್ಗಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದರ ಮಾರುಕಟ್ಟೆ ಕುಗ್ಗಿತು. ಆದರೆ ಓಟದ ಪಥದಲ್ಲಿ ಕಥೆ ತಿರುವುಮುರುವು. ಮೂಲ ಕಿಟನ್ ಕಾರಿನ ತೂಕ ಐದುನೂರು ಕಿಲೋ ಆಸುಪಾಸು, ಬಲ 40 ಅಶ್ವಶಕ್ತಿ. ಅಂಬಾಸಿಡರಿನ ಬಲ ಐವತ್ತರ ಆಸುಪಾಸು ಇದ್ದರೂ ತೂಕ ಅದರ ಎರಡರಷ್ಟು. ಚೆನ್ನೈ ಬಳಿಯ ಷೋಳವರಂ ಓಟಗಳಲ್ಲಿ ಬೆಂಗಳೂರಿನ ಈ ಹಗುರ ಕಾರು ಹೆಸರು ಮಾಡಿತು. ಖಾಲಿ ಗಾಡಾದ ಲೆಕ್ಕ ಇಲ್ಲಿಯೂ ಸುಳ್ಳಾಗಲಿಲ್ಲ.

ಷೋಳವರಂ ಪಥವೂ ಒಂದು ಬಗೆಯ ಮ್ಯೂರಾಕ್ ಅಂಗಳವೇ. ಮಹಾಯುದ್ಧದ ಕಾಲದ ವಿಮಾನದ ಪಟ್ಟಿ ಅದು. ಯುದ್ಧ ಮುಗಿದ ಮೇಲೆ ಖಾಲಿ ಬಿದ್ದಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ಓಟ ನಡೆಸಿಕೊಂಡು ಬಂತು. 1990ರಲ್ಲಿ ಶ್ರೀಪೆರಂಬುದೂರು ಬಳಿ ಹೊಸ ಪಥ ಸಿದ್ಧವಾಗುವವರೆಗೆ ದಕ್ಷಿಣ ಭಾರತದ ವೇಗಪ್ರಿಯರಿಗೆ ಅದೇ ಕಾಶಿ.

ಮಾರಿಸ್ ಮನೆತನ

ಇನ್ನು ನಮ್ಮ ರಸ್ತೆಗಳಲ್ಲಿ ಹೆಚ್ಚು ಕಂಡ ಬ್ರಿಟಿಷ್ ಸಂತಾನವೆಂದರೆ ಮಾರಿಸ್. ಬಿ.ಎಂ. ಬಿರ್ಲಾ 1942ರಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಮೋಟರ್ಸ್ ಮೊದಲು ಗುಜರಾತಿನ ಓಖಾ ಬಂದರಿನಲ್ಲಿ, ಆಮೇಲೆ ಬಂಗಾಳದ ಉತ್ತರಪಾರಾದಲ್ಲಿ ಮಾರಿಸ್ ಕಾರುಗಳನ್ನು ಜೋಡಿಸಿತು. ಮಾರಿಸ್ ಟೆನ್ ಇಲ್ಲಿ ‘ಹಿಂದುಸ್ತಾನ್ 10’ ಆಯಿತು. ಇಸ್ಸಿಗೊನಿಸ್ 1948ರಲ್ಲಿ ಕೊಟ್ಟ ಮಾರಿಸ್ ಮೈನರ್ ‘ಬೇಬಿ ಹಿಂದುಸ್ತಾನ್’ ಆಯಿತು. ಮಾರಿಸ್ ಆಕ್ಸ್‌ಫರ್ಡ್ ಮೊದಲು ‘ಲ್ಯಾಂಡ್‌ಮಾಸ್ಟರ್’, ಬಳಿಕ ‘ಅಂಬಾಸಿಡರ್’ ಆಗಿ 2014ರವರೆಗೆ ಬಾಳಿತು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ಸ್ 1961ರಿಂದ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡನ್ನು ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂದು ತಯಾರಿಸಿತು.

1953ರಲ್ಲಿ ಕೇಂದ್ರ ಸರ್ಕಾರ ಇಲ್ಲಿಯೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಬಾಗಿಲು ಮುಚ್ಚುವ ಧೋರಣೆ ತಳೆಯಿತು. ಜನರಲ್ ಮೋಟರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಇದರ ಪರಿಣಾಮ ಹಳ್ಳಿ ಪಟ್ಟಣಗಳ ಗ್ಯಾರೇಜಿನ ಮೇಲೂ ಆಯಿತು. ಮನೆತನದ ಹಿರಿಯರು ಕೊಂಡಿದ್ದ ಆಸ್ಟಿನ್, ಹಿಲ್‌ಮನ್, ಫೋರ್ಡ್ ಪ್ರಿಫೆಕ್ಟ್ ಕಾರುಗಳಿಗೆ ಬಿಡಿಭಾಗ ಸಿಗದಾಯಿತು. ಕಾರು ನಿಲ್ಲಿಸಿಬಿಡಬೇಕು, ಇಲ್ಲವೇ ಬೇರೊಂದರ ಭಾಗ ತಂದು ಕೂಡಿಸಬೇಕು. ಅಮೆರಿಕದ ಹುಡುಗ ಎಂಜಿನ್ ಬದಲಿಸಿದ್ದು ವೇಗದ ಆಸೆಯಿಂದ. ನಮ್ಮ ಮಿಸ್ತ್ರಿ ಬದಲಿಸಿದ್ದು ಗಾಡಿ ಬದುಕಲಿ ಎಂದು.

ಮುಂದೆ ಇಂಧನದ ಲೆಕ್ಕ ಬಂತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿದಾಗ ಡೀಸೆಲ್ ಎಂಜಿನ್ ಕೂರಿಸುವ ಪರಿಪಾಠ ದಕ್ಷಿಣ ಭಾರತದ ಗ್ಯಾರೇಜುಗಳಲ್ಲಿ ಹಬ್ಬಿತು. ಅಂಬಾಸಿಡರಿಗೂ ಜೀಪಿಗೂ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಜೋಡಿಸಿದ್ದನ್ನು ಕಂಡವರು ಬಹಳ ಮಂದಿ ಇದ್ದಾರೆ. ಇದನ್ನು ತಿರುಗುಮುರುಗಾದ ಹಾಟ್ ರಾಡ್ ಎನ್ನಬಹುದು. ಗಾಡಿ ಭಾರವಾಯಿತು, ಸದ್ದು ಹೆಚ್ಚಿತು, ಆದರೆ ಲೀಟರಿಗೆ ಓಡುವ ದೂರ ಹೆಚ್ಚಿತು. ಕೈಚಳಕ ಮಾತ್ರ ಎರಡಕ್ಕೂ ಒಂದೇ.

ಕಟ್ಟುವುದು ಹೇಗೆ?

ಪುಟ್ಟ ಬ್ರಿಟಿಷ್ ಕಾರೊಂದನ್ನು ಹಾಟ್ ರಾಡ್ ಮಾಡುವಾಗ ಮೊದಲು ನೋಡುವುದು ಅದರ ಎಲುಬುಗೂಡು. ಆಸ್ಟಿನ್ ಸೆವೆನ್ ಮತ್ತು ಹೆರಾಲ್ಡಿಗೆ ಬೇರೆ ಚಾಸಿ ಇದೆ. ಬಾಡಿ ಎತ್ತಿಟ್ಟು ಆರಾಮಾಗಿ ಕೆಲಸ ಮಾಡಬಹುದು. ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಟ್ರಯಂಫ್ ಕಂಪನಿ 1962ರಲ್ಲಿ ‘ಸ್ಪಿಟ್‌ಫಯರ್’ ಎಂಬ ಸ್ಪೋರ್ಟ್ಸ್ ಕಾರು ಮಾಡಿತು. ಆದರೆ ಮಾರಿಸ್ ಮೈನರ್ ಮತ್ತು ಅಂಬಾಸಿಡರಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯ ತಗಡೇ ಭಾರ ಹೊರುವ ಗೂಡು. ಅಲ್ಲಿ ಕಂಡಲ್ಲಿ ಕತ್ತರಿ ಹಾಕಿದರೆ ಮನೆಯ ನಡುಗಂಬ ಕಿತ್ತಂತೆ.

ಎರಡನೆಯದು ಎಂಜಿನ್. ಇದ್ದುದನ್ನೇ ಚುರುಕುಗೊಳಿಸುವುದು ಒಂದು ದಾರಿ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಟನ್ನಿನ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ 1955ರಿಂದ ಇದ್ದುದೂ ಇದೇ ಮನೆತನದ, ಇದೇ ಗಾತ್ರದ ಎಂಜಿನ್. ಅಂಬಾಸಿಡರಿನಲ್ಲಿ ಐವತ್ತರ ಆಸುಪಾಸು ಅಶ್ವಶಕ್ತಿ ಕೊಟ್ಟರೆ ಎಂಜಿಎಯಲ್ಲಿ ಎಪ್ಪತ್ತರ ಆಸುಪಾಸು ಕೊಡುತ್ತಿತ್ತು. ಎಂಜಿನ್ ಎಂದರೆ ಉಸಿರಾಡುವ ಯಂತ್ರ. ಒಂದರ ಬದಲು ಎರಡು ಕಾರ್ಬ್ಯುರೇಟರ್ ಇಟ್ಟರೆ ಗಾಳಿ ಹೆಚ್ಚು ಒಳಬರುತ್ತದೆ. ಹೆಡ್ ಸ್ವಲ್ಪ ಹೆರೆದರೆ ಒತ್ತಡ ಹೆಚ್ಚುತ್ತದೆ. ಕ್ಯಾಮ್‌ಶಾಫ್ಟ್ ಬದಲಿಸಿದರೆ ವಾಲ್ವು ಹೆಚ್ಚು ಹೊತ್ತು ತೆರೆದಿರುತ್ತದೆ. ಹೊಗೆ ಸರಾಗ ಹೊರಹೋಗುವಂತೆ ಸೈಲೆನ್ಸರ್ ಕೊಳವೆ ತಿದ್ದಬೇಕು. ಹೀಗೆ ಒಂದೇ ಎಂಜಿನ್ನಿಗೆ ಎರಡು ಸ್ವಭಾವ.

ಇನ್ನೊಂದು ದಾರಿ ಬೇರೆ ಎಂಜಿನ್ ಕೂರಿಸುವುದು. 1948ರ ಮಾರಿಸ್ ಮೈನರ್ ಎಂಜಿನ್ 918 ಸಿ.ಸಿ., 27 ಅಶ್ವಶಕ್ತಿ. ಗಂಟೆಗೆ ನೂರು ಕಿ.ಮೀ. ಮುಟ್ಟುವುದೇ ಅದಕ್ಕೆ ಕಷ್ಟ. ಬ್ರಿಟನ್ನಿನ ಹವ್ಯಾಸಿಗಳು ಅದಕ್ಕೆ ಫಿಯೆಟ್, ಫೋರ್ಡ್ ಎಂಜಿನ್ನುಗಳನ್ನೂ ರೋವರ್ ಕಂಪನಿಯ ವಿ-8 ಎಂಜಿನ್ನನ್ನೂ ಕೂರಿಸಿದ್ದುಂಟು. ಆದರೆ ಎಂಜಿನ್ ಬದಲಾದರೆ ಅಲ್ಲಿಗೇ ಮುಗಿಯುವುದಿಲ್ಲ. ಹಳೆಯ ಗೇರ್‌ಬಾಕ್ಸ್ ಹೊಸ ಬಲ ತಾಳದೆ ಹಲ್ಲು ಮುರಿಯುತ್ತದೆ. ಗೇರ್‌ಬಾಕ್ಸ್ ಬದಲಿಸಿದರೆ ಹಿಂದಿನ ಆಕ್ಸಲ್ ತಿರುಚಿಕೊಳ್ಳುತ್ತದೆ. ಅದನ್ನೂ ಬದಲಿಸಿದರೆ ಪಾಟಾ ಸಾಲದು. ರೇಡಿಯೇಟರ್ ಚಿಕ್ಕದಾಗಿ ನೀರು ಕುದಿಯುತ್ತದೆ. ಬಲ ಒಂದು ಕಡೆ ಹೆಚ್ಚಾದರೆ ಗಾಡಿಯ ಉದ್ದಕ್ಕೂ ಅದರ ಸಾಲ ತೀರಿಸಬೇಕು.

ಎಲ್ಲಕ್ಕಿಂತ ದೊಡ್ಡ ಸಾಲ ಬ್ರೇಕಿನದು. 27 ಅಶ್ವಶಕ್ತಿಯ ಗಾಡಿಗೆಂದು ಮಾಡಿದ ಸಣ್ಣ ಡ್ರಮ್ ಬ್ರೇಕು ನೂರು ಅಶ್ವಶಕ್ತಿಯ ಗಾಡಿಯನ್ನು ನಿಲ್ಲಿಸಲಾರದು. ವೇಗ ಎರಡು ಪಟ್ಟಾದರೆ ಅದರ ಹಿಂದಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದನ್ನೆಲ್ಲ ಬ್ರೇಕು ಶಾಖವಾಗಿ ನುಂಗಬೇಕು. ಓಡಿಸುವುದಕ್ಕಿಂತ ನಿಲ್ಲಿಸುವುದು ಮೊದಲು ಎಂಬುದು ಅನುಭವಸ್ಥ ಹಾಟ್ ರಾಡ್ ಕಟ್ಟುವವರ ಸೂತ್ರ. ಡಿಸ್ಕ್ ಬ್ರೇಕು, ಗಟ್ಟಿ ಸ್ಟೀರಿಂಗ್, ಸೀಟ್ ಬೆಲ್ಟು, ಉರುಳಿದರೆ ತಲೆ ಕಾಯುವ ಕೊಳವೆಯ ಪಂಜರ ಇವೆಲ್ಲ ಆದ ಮೇಲೆ ಬಣ್ಣದ ಮಾತು.

ತುಂಗಭದ್ರೆಯ ಆಚೆಯ ಲೇತ್

ಈ ಎಲ್ಲ ಕೆಲಸಕ್ಕೆ ತಾಯಿ ಎಂದರೆ ಲೇತ್ ಯಂತ್ರ. ಬೇರೆ ಕಂಪನಿಯ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬೆಸೆಯಲು ನಡುವೆ ಒಂದು ಉಕ್ಕಿನ ಪ್ಲೇಟು ಬೇಕು. ಅದರ ನಡುರಂಧ್ರ ಕೂದಲೆಳೆಯಷ್ಟು ಆಚೀಚೆಯಾದರೂ ಬೇರಿಂಗ್ ಹೋಗುತ್ತದೆ. ಶಾಫ್ಟ್ ಗಿಡ್ಡ ಮಾಡಬೇಕು, ಸವೆದ ಸಿಲಿಂಡರಿಗೆ ಸ್ಲೀವ್ ಹೊಡೆಯಬೇಕು, ಬುಷ್ ತಿರುವಬೇಕು. ಲೇತ್ ಇಲ್ಲದ ಊರಿನಲ್ಲಿ ಹಾಟ್ ರಾಡ್ ಹುಟ್ಟಲಾರದು.

ಈ ವಿಷಯದಲ್ಲಿ ಹಾವೇರಿ ಸೀಮೆ ಪುಣ್ಯವಂತ. 1956ಕ್ಕೆ ಮುಂಚೆ ತುಂಗಭದ್ರೆ ಎರಡು ಆಡಳಿತಗಳ ಗಡಿ. ಈಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ ರಾಣೆಬೆನ್ನೂರು, ಆಚೆ ಮೈಸೂರು ಸಂಸ್ಥಾನದ ಹರಿಹರ. ಆ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದದ್ದು ಲೇತ್. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಬಾಳು ಆರಂಭಿಸಿದವರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದವರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಮೊದಲು ಹಿಂಜರಿದರಂತೆ.

ಹರಿಹರದ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ಮುಚ್ಚಿತು. ಆದರೆ ಲೇತಿನ ಕಸುಬು ನಿಲ್ಲಲಿಲ್ಲ. ಹುಬ್ಬಳ್ಳಿಯಿಂದ ಹರಿಹರದವರೆಗಿನ ಹೆದ್ದಾರಿಯ ಊರುಗಳಲ್ಲಿ ‘ಎಂಜಿನಿಯರಿಂಗ್ ವರ್ಕ್ಸ್’ ಎಂಬ ಬೋರ್ಡು ಹೊತ್ತ ಅಂಗಡಿಗಳು ಕಾಣುತ್ತವೆ. ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೊತ್ತು ಬರುವ ಲಾರಿ, ಟ್ರ್ಯಾಕ್ಟರು, ಟೆಂಪೋಗಳ ಸುಗ್ಗಿಯೇ ಇಲ್ಲಿಯ ಗ್ಯಾರೇಜುಗಳ ಸುಗ್ಗಿ. ಎತ್ತಿನ ಬಂಡಿಗೆ ರಬ್ಬರ್ ಚಕ್ರ ಹಾಕಿ ‘ಟೈರ್ ಗಾಡಿ’ ಮಾಡಿದ, ಟ್ರ್ಯಾಕ್ಟರಿನ ಟ್ರೇಲರನ್ನು ಊರಲ್ಲೇ ಬೆಸೆದ ಕೈಗಳು ಇವು. ಚಾಪ್‌ಮನ್‌ನ ಶೆಡ್ಡಿನಲ್ಲಿ ಇದ್ದ ಸಲಕರಣೆಗಿಂತ ಹೆಚ್ಚಿನ ಸಲಕರಣೆ ಇಂಥ ಅಂಗಡಿಯಲ್ಲಿರುತ್ತದೆ. ಅವನಿಗಿದ್ದು ಇವರಿಗಿಲ್ಲದ್ದು ಮೂರು: ಲೆಕ್ಕ ಹಾಕುವ ಎಂಜಿನಿಯರಿಂಗ್ ಓದು, ಕಟ್ಟಿದ ಕಾರನ್ನು ಪರೀಕ್ಷಿಸುವ ಓಟದ ಪಥ, ಒಪ್ಪಿಗೆ ಕೊಡುವ ನಿಯಮ.

ನಮ್ಮಲ್ಲಿ ಈ ಮೂರೂ ಒಟ್ಟುಗೂಡಿದ ಕಡೆ ಫಲ ಬಂದಿದೆ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಬಳಸಿ ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಸೀಟಿನ ಓಟದ ಕಾರು ಕಟ್ಟಿದರು. ಮುಂದೆ 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕಲಿತದ್ದು ಅಂಥ ಕಾರಿನಲ್ಲೇ.

ಕಾನೂನಿನ ಗೆರೆ

ಇಂದು ಹಾವೇರಿ ಜಿಲ್ಲೆಯ ಯಾವುದೋ ವಾಡೆಯ ಹಿಂದೆ ಕೋಳಿ ಕೂರುವ ಹಳೆಯ ಮಾರಿಸ್ ಒಂದು ಇದ್ದರೆ, ಅದನ್ನು ಹಾಟ್ ರಾಡ್ ಮಾಡಿ ರಸ್ತೆಗಿಳಿಸಬಹುದೇ? ಇಳಿಸಲಾಗದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2000ದ ತಿದ್ದುಪಡಿ ಇದನ್ನು ಬಿಗಿ ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹರಿಯಾಣದ ಮಂಡಿ ಡಬವಾಲಿಯಂಥ ಊರುಗಳಲ್ಲಿ ಹಳೆಯ ಜೀಪುಗಳನ್ನು ಬಿಚ್ಚಿ ಕಟ್ಟುವ ದೊಡ್ಡ ಕಸುಬೇ ಬೆಳೆದಿದೆ. ಕಾನೂನಿನ ಕತ್ತಿ ಅದರ ಮೇಲೆ ತೂಗುತ್ತಲೇ ಇದೆ.

ಇನ್ನೊಂದು ಕಡೆಯಿಂದಲೂ ಬಾಗಿಲು ಮುಚ್ಚಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ತಂದಿತು. ಇಂಥ ಕಾರಿನ ಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ಶುಲ್ಕ 20 ಸಾವಿರ ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಷರತ್ತು ಒಂದಿದೆ. ಕಾರು ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಕೂಡದು. ಪ್ರದರ್ಶನ, ರ‍್ಯಾಲಿ, ಅಧ್ಯಯನದಂಥ ಕಾರಣಕ್ಕೆ ಮಾತ್ರ ರಸ್ತೆಗೆ ಬರಬಹುದು. ಕೆಎ-27 ಇಲ್ಲವೇ ಕೆಎ-68 ಫಲಕದ ದಿನನಿತ್ಯದ ಗಾಡಿಯಂತೆ ಓಡಿಸಲಾಗದು.

ಕಾನೂನಿಗೆ ಅದರದೇ ನ್ಯಾಯವಿದೆ. ಬ್ರೇಕು ಬದಲಿಸದೆ ಬಲ ಮಾತ್ರ ಹೆಚ್ಚಿಸಿದ ಗಾಡಿ ಓಡಿಸುವವನಿಗಷ್ಟೇ ಅಲ್ಲ, ದಾರಿಯಲ್ಲಿ ಹೋಗುವ ಶಾಲಾ ಮಕ್ಕಳಿಗೂ ಯಮ. ಆದರೆ ಈ ಗೆರೆಯ ಇನ್ನೊಂದು ಬದಿಯನ್ನೂ ನೋಡಬೇಕು. ಬಿಡಿಭಾಗ ಸಿಗದ ದಶಕಗಳಲ್ಲಿ ಹೊಟ್ಟೆಪಾಡಿಗಾಗಿ ಎಂಜಿನ್ ಬದಲಿಸಿಕೊಂಡ ಹಳೆಯ ಕಾರುಗಳು ನಮ್ಮಲ್ಲಿ ಹಲವು. ಅವು ಮೂಲರೂಪ ಕಳೆದುಕೊಂಡದ್ದರಿಂದ ವಿಂಟೇಜ್ ಅಲ್ಲ. ಬದಲಾಗಿರುವುದರಿಂದ ರಸ್ತೆಗೂ ಸಲ್ಲ. ಉಳಿಯುವ ದಾರಿ ಗುಜರಿಯೊಂದೇ. ಅಲ್ಲಿ ಕಾರಿಗೆ ಬೆಲೆ ಕಿಲೋ ಲೆಕ್ಕದಲ್ಲಿ. ಹೀಗೆ ಹೋಗುವುದು ಕಬ್ಬಿಣವಷ್ಟೇ ಅಲ್ಲ, ಆ ಕಾಲದ ಮಿಸ್ತ್ರಿಗಳ ಕೈಚಳಕದ ದಾಖಲೆ ಕೂಡ.

ಪರದೇಶಗಳಲ್ಲಿ ಇದಕ್ಕೆ ನಡುದಾರಿ ಕಂಡುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಬದಲಾಯಿಸಿ ಕಟ್ಟಿದ ವಾಹನವನ್ನು ಅಧಿಕಾರಿಗಳು ಒಂದೊಂದಾಗಿ ತಪಾಸಣೆ ಮಾಡಿ ರಸ್ತೆಗೆ ಒಪ್ಪುವ ವ್ಯವಸ್ಥೆ ಇದೆ. ರಸ್ತೆಗೆ ಬಾರದವಕ್ಕೆ ಓಟದ ಪಥಗಳಿವೆ. ನಮ್ಮಲ್ಲಿ ಪಥವಿರುವುದು ಚೆನ್ನೈ, ಕೊಯಮತ್ತೂರಿನಂಥ ಕೆಲವೇ ಕಡೆ. ಉಳಿದಂತೆ ಹಳೆಯ ಕಾರುಗಳಿಗೆ ಆಶ್ರಯ ವಸ್ತುಸಂಗ್ರಹಾಲಯ. ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲಿ ಹಳೆಯ ಕಾರುಗಳ ಸಾಲೇ ಇದೆ. ಅಲ್ಲಿಗೆ ಹೋದವರು ಮೂಲರೂಪ ಉಳಿಸಿಕೊಂಡ ಕಾರಿನ ಬೆಡಗನ್ನು ಕಣ್ತುಂಬ ನೋಡಬಹುದು.

ಹಳೆಯ ಬ್ರಿಟಿಷ್ ಕಾರು ಮನೆಯಲ್ಲಿರುವವರು ಈ ಎರಡರ ನಡುವೆ ಆರಿಸಿಕೊಳ್ಳಬೇಕು. ಮೂಲರೂಪದಲ್ಲೇ ಇದ್ದರೆ ಒಂದು ಬೋಲ್ಟನ್ನೂ ಬದಲಿಸದೆ ಕಾಪಾಡುವುದು ಲೇಸು. ಕೆಟ್ಟು ಕೆರ ಹಿಡಿದು ಬರೀ ಬಾಡಿ ಉಳಿದಿದ್ದರೆ, ರಸ್ತೆಯ ಆಸೆ ಬಿಟ್ಟು, ಓಟದ ಪಥಕ್ಕೋ ಐಟಿಐ ಹುಡುಗರ ಕಲಿಕೆಗೋ ಅದು ಒದಗಬಹುದು. ಚಾಪ್‌ಮನ್ ಬಿಚ್ಚಿದ್ದೂ ಯಾರೂ ಕೊಳ್ಳದ ಕಾರನ್ನೇ. ಸುಗ್ಗಿ ಮುಗಿದ ಮೇಲೆ ಖಾಲಿ ಗಾಡಾ ಓಡಿಸುವವರು ಊರ ಬೀದಿಯಲ್ಲಿ ಓಡಿಸುವುದಿಲ್ಲ, ಅದಕ್ಕೆಂದು ಹದ ಮಾಡಿದ ಬಯಲಿನಲ್ಲಿ ಓಡಿಸುತ್ತಾರೆ. ಇಂಥದೊಂದು ಬಯಲು ಮೋಟಾರಿಗೂ ಸಿಕ್ಕರೆ, ಲೇತಿನ ಊರಿನ ಹುಡುಗರ ಕೈಗೆ ಕೆಲಸಕ್ಕೇನೂ ಕೊರತೆಯಾಗದು.